ಚಳವಳಿ ಪಾಠಕ್ಕೆ ರಾಟಿ, ಟೋಪಿ, ರೂಪಾಯಿ: ಹುಬ್ಬಳ್ಳಿ-ಧಾರವಾಡದಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಆಗಸ್ಟ್ 15 ಹತ್ತಿರ ಬಂತೆಂದರೆ ಅವಳಿ ನಗರದ ಫ್ಯಾನ್ಸಿ ಡ್ರೆಸ್ ಅಂಗಡಿಗಳಲ್ಲಿ ನೂಕುನುಗ್ಗಲು. ವೇದಿಕೆ ಮೇಲೆ ಐದು ನಿಮಿಷ ನಿಂತು ಬರಲು ಅಲ್ಲಿನ ಸಾಮಾನು ಸಾಕು. ಆದರೆ 1930ರ ಉಪ್ಪಿನ ಸತ್ಯಾಗ್ರಹದಿಂದ 1943ರ ಏಪ್ರಿಲ್ 1ರಂದು ಈಗಿನ ಹಾವೇರಿ ಜಿಲ್ಲೆಯ ಹೊಸರಿತ್ತಿಯಲ್ಲಿ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪ ಗುಂಡಿಗೆ ಬಲಿಯಾದವರೆಗಿನ ಪಾಠವನ್ನು ಶಾಲೆಯಲ್ಲಿ ಮಕ್ಕಳ ಕೈಗೇ ಸಾಮಾನು ಕೊಟ್ಟು ಮಾಡಬೇಕೆಂದರೆ, ಅದರಲ್ಲಿ ಮುಕ್ಕಾಲು ಪಾಲು ದಂಡ.

ಮೊದಲು ರಾಟಿ. ಉಡುಗೊರೆ ಅಂಗಡಿಗಳಲ್ಲಿ ಸಿಗುವ ಮರದ ಪುಟ್ಟ ರಾಟಿ ನೋಡಲು ಚೆಂದ, ನೂಲಲು ಬರುವುದಿಲ್ಲ. ಅದರ ಗಾಲಿ ತಿರುಗಿದರೂ ಕದಿರು, ಅಂದರೆ ನೂಲು ಸುತ್ತಿಕೊಳ್ಳುವ ಕಡ್ಡಿ, ತಿರುಗುವುದಿಲ್ಲ. ಖಾದಿ ಸಂಸ್ಥೆಗಳ ಮೂಲಕ ತರಿಸುವ ಪೆಟ್ಟಿಗೆ ರಾಟಿಯೇ ಬೇಕು. ಅದರಲ್ಲಿ ಎರಡು ಗಾಲಿ ಇರುತ್ತವೆ. ಕೈಯಿಂದ ದೊಡ್ಡದನ್ನು ತಿರುಗಿಸಿದರೆ ಅದು ಚಿಕ್ಕದನ್ನು, ಚಿಕ್ಕದು ಕದಿರನ್ನು ತಿರುಗಿಸುತ್ತದೆ. ದೊಡ್ಡ ಗಾಲಿ ಒಂದು ಸುತ್ತು ಬಂದರೆ ಕದಿರು ಹತ್ತಾರು ಸುತ್ತು ಹೊಡೆಯಬೇಕು. ಕೊಳ್ಳುವ ಮುಂಚೆ ಕದಿರನ್ನು ಬಿಚ್ಚಿ ಗಾಜಿನ ಮೇಲೆ ಉರುಳಿಸಿ ನೋಡಿ. ಎಳ್ಳಷ್ಟು ಬಾಗಿದ್ದರೂ ತುದಿ ನಡುಗಿ ನೂಲು ಹರಿಯುತ್ತದೆ. ಹೆಚ್ಚಿನ ದೂರು ಮಾತ್ರ ಗಾಲಿಗೆ ಸುತ್ತಿದ ದಾರದ್ದು. ಅಂಗಡಿಯವರು ಅದಕ್ಕೆ ದಪ್ಪ ಗಂಟು ಹಾಕಿ ಕಳಿಸುತ್ತಾರೆ. ಆ ಗಂಟು ಕದಿರಿನ ಮೇಲೆ ಬಂದಾಗಲೆಲ್ಲ ಟಕ್ಕೆಂದು ಜಿಗಿಯುತ್ತದೆ. ಗಂಟು ಕತ್ತರಿಸಿ, ಎರಡೂ ತುದಿಯನ್ನು ಒಂದರ ಮೇಲೊಂದು ಇಟ್ಟು ಸಣ್ಣ ಸೂಜಿಯಿಂದ ಹೊಲಿದುಬಿಟ್ಟರೆ ಮುಗೀತು.

ಮೂವತ್ತು ಮಕ್ಕಳ ತರಗತಿಗೆ ಒಂದು ರಾಟಿ, ಹತ್ತು ತಕಲಿ (ಬಿಲ್ಲೆ, ಕೊಕ್ಕೆ ಇರುವ, ಕೈಯಲ್ಲೇ ತಿರುಗಿಸಿ ನೂಲುವ ಕಡ್ಡಿ) ಸಾಕು. ಕಲಿಕೆ ಆಗುವುದು ತಕಲಿಯಲ್ಲೇ. ಅದನ್ನು ಪಿಂಗಾಣಿ ತಟ್ಟೆಯ ಮೇಲೆ ಬುಗುರಿಯಂತೆ ತಿರುಗಿಸಿ. ಓಲಾಡಿ ಬಿದ್ದರೆ ಬಿಲ್ಲೆ ಸಡಿಲ ಇದೆ, ಇಲ್ಲವೇ ನಡುವೆ ಕೂತಿಲ್ಲ. ಕೊಕ್ಕೆಯ ಒಳಗೆ ಬೆರಳಾಡಿಸಿ ನೋಡಿ, ಚುಚ್ಚಿದರೆ ನೂಲನ್ನೂ ಕೊಯ್ಯುತ್ತದೆ. ಉಪ್ಪುಕಾಗದದಿಂದ ನಾಲ್ಕು ಸಲ ತಿಕ್ಕಿದರೆ ಸರಿಹೋಗುತ್ತದೆ.

ನೂಲಲು ಬೇಕಾದ ಹತ್ತಿಯ ಸುರುಳಿ, ಅಂದರೆ ಹಂಜಿ, ಇಲ್ಲವೆಂದು ಮೆಡಿಕಲ್ ಶಾಪಿನ ಹತ್ತಿ ತರುವವರಿದ್ದಾರೆ. ಬೇಡ. ಆ ಹತ್ತಿಯ ಮೇಣವನ್ನು ತೆಗೆದಿರುತ್ತಾರೆ, ಎಳೆಯೂ ಗಿಡ್ಡ. ಎಳೆದಲ್ಲೇ ತುಂಡಾಗುತ್ತದೆ, ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ. ಹಿಂಜಿ ಸುರುಳಿ ಮಾಡಿದ ಹಂಜಿಯನ್ನೇ ಕೇಳಿ ತನ್ನಿ. ತಲೆಗೆ ಐದು ಗ್ರಾಂ ಲೆಕ್ಕ ಹಿಡಿದರೆ ಹಾಳಾಗುವುದೂ ಸೇರಿ ಸಾಕಾಗುತ್ತದೆ.

ಬಟ್ಟೆಗೆ ನಮ್ಮ ಸೀಮೆಯಲ್ಲಿ ತೊಂದರೆ ಇಲ್ಲ. ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿ, ಖಾದಿ ನೇಯುವ ಗರಗ ಎರಡೂ ಕೈಯಳತೆಯಲ್ಲಿವೆ. ಆದರೆ ಖಾದಿ ಮಳಿಗೆಯಲ್ಲಿ ಪಾಲಿಯೆಸ್ಟರ್ ಬೆರೆಸಿದ ಬಟ್ಟೆಯೂ ಇರುತ್ತದೆ. ಅಂಚಿನ ಒಂದು ಎಳೆ ಸುಟ್ಟು ನೋಡಿ: ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ತುದಿ ಕರಗಿ ಗಟ್ಟಿ ಮಣಿಯಾದರೆ ಬೆರಕೆ. ಗಾಂಧಿ ಟೋಪಿಯನ್ನು ತಲೆಯಳತೆಗಿಂತ ಎರಡು ಸೆಂಟಿಮೀಟರ್ ದೊಡ್ಡದೇ ತನ್ನಿ, ಮೊದಲ ಒಗೆತಕ್ಕೆ ಕುಗ್ಗುತ್ತದೆ. ಒಳಗೆ ಸ್ಪಾಂಜು ತುಂಬಿದ ಬಾಡಿಗೆ ಟೋಪಿ ಮಡಚಿ ಜೇಬಿಗೆ ಹೋಗುವುದಿಲ್ಲ. ಹಾಗೆ ಮಡಚಲಾಗದ್ದು ಎಂಥ ಗಾಂಧಿ ಟೋಪಿ?

ಬಾವುಟದಲ್ಲಿ ಎಲ್ಲರೂ ಎಡವುತ್ತಾರೆ. ಅಶೋಕ ಚಕ್ರದ ತ್ರಿವರ್ಣಕ್ಕೆ ಒಪ್ಪಿಗೆ ಸಿಕ್ಕಿದ್ದು 1947ರ ಜುಲೈ 22ರಂದು. ದಂಡಿ ಯಾತ್ರೆಯ ಪ್ರಸಂಗಕ್ಕೆ ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರೂ ಪಟ್ಟಿಯ ಮೇಲೆ ಹರಡಿದ ರಾಟಿ ಬೇಕು. 1931ರ ನಂತರದ ಪ್ರಸಂಗಕ್ಕೆ ಕೇಸರಿ, ಬಿಳಿ, ಹಸಿರು, ಬಿಳಿಯ ಮೇಲೆ ರಾಟಿ. ಸಿದ್ಧ ಬಾವುಟ ಹುಡುಕುತ್ತ ಅಲೆಯುವ ಬದಲು ಮೂರು ತುಂಡು ಖಾದಿ ಹೊಲಿಸಿ, ರಟ್ಟಿನ ಅಚ್ಚು ಕೊರೆದು ರಾಟಿಯನ್ನು ಬಣ್ಣದಲ್ಲಿ ಒತ್ತಿ. ಈಗಿನ ರಾಷ್ಟ್ರಧ್ವಜದ ಮೇಲೆ ಮಾತ್ರ ಏನನ್ನೂ ಬರೆಯಕೂಡದು, ಕಾನೂನಿನ ತೊಡಕು.

ನಾಣ್ಯದ ನಕಲು ಆನ್‌ಲೈನ್‌ನಲ್ಲಿ ರಾಶಿ ಬಿದ್ದಿದೆ. ಐದನೇ ಜಾರ್ಜನ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಎಂಬತ್ತು ರೂಪಾಯಿ ತೂಗಿದರೆ ಒಂದು ಸೇರು. ತೂಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಸತುವಿನ ಅಗ್ಗದ ನಕಲು ಅದೇ ಅಳತೆಗೆ ಎಂಟು ಗ್ರಾಂ ಸುಮಾರು ಬರುತ್ತದೆ, ತಕ್ಕಡಿಗೆ ಹಾಕಿದ ಕೂಡಲೇ ಲೆಕ್ಕ ಕೆಡುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗದೆ ದುಡ್ಡು ಕೊಡಬೇಡಿ. ಚಿಲ್ಲರೆಗೆ ನಕಲು ಬೇಕಿಲ್ಲ. 1943ರಿಂದ ಬಂದ ತೂತಿನ ಪೈಸೆಯ ಅಸಲಿಯೇ ಹಳೇ ನಾಣ್ಯದ ವ್ಯಾಪಾರಿಗಳ ಬಳಿ ಸಿಗುತ್ತದೆ. ಅದು ಮೈಲಾರರ ಕೊನೆಯ ವರ್ಷದ ನಾಣ್ಯ, ದಂಡಿ ಪ್ರಸಂಗಕ್ಕೆ ಹೊಂದುವುದಿಲ್ಲ. ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ.

ಹುಬ್ಬಳ್ಳಿ ಕಂಚಗಾರ ಗಲ್ಲಿಯ ಕಡೆ ಕಾಳು ಅಳೆಯುವ ಹಳೇ ಸೇರು, ಪಾವಿನ ಪಾತ್ರೆ ಕೇಳಿ ನೋಡಬಹುದು. ಬಾಯಿ ನೆಗ್ಗಿದ್ದನ್ನು ಬಿಡಿ, ಅಳತೆ ತಪ್ಪುತ್ತದೆ. ನೂರು ವರ್ಷ ದಾಟಿದ್ದನ್ನು ಯಾರಾದರೂ ಮಾರಲು ಬಂದರೆ ಅದಕ್ಕೆ 1972ರ ಪ್ರಾಚ್ಯವಸ್ತು ಕಾಯ್ದೆ ಅನ್ವಯಿಸಬಹುದು. ಶಾಲೆಗೆ ಆ ಗೊಡವೆ ಬೇಡ.

ಬಾಡಿಗೆ ಅಂಗಡಿಯಿಂದ ಪೊಲೀಸ್ ವೇಷ ತಂದರೆ ಭುಜದ ಮೇಲಿನ ‘ಕರ್ನಾಟಕ ಪೊಲೀಸ್’ ಬಿಲ್ಲೆಯನ್ನು ಮೊದಲು ಕಿತ್ತಿಡಿ. ಆಗ ಇದು ಮುಂಬೈ ಪ್ರಾಂತ್ಯ. ಹಿನ್ನೆಲೆಯ ಫ್ಲೆಕ್ಸ್ ಬರೆಸುವಾಗಲೂ ಅಷ್ಟೇ: ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ, ಹೊಸರಿತ್ತಿಯ ಪ್ರಸಂಗಕ್ಕೆ ‘ಧಾರವಾಡ ಜಿಲ್ಲೆ’ ಎಂದೇ ಬರೆಸಿ. ಪ್ರಿಂಟ್ ಹಾಕುವವರು ತಾವಾಗಿ ತಿದ್ದಿಬಿಡುತ್ತಾರೆ, ಪ್ರೂಫ್ ನೋಡಿಯೇ ಒಪ್ಪಿಗೆ ಕೊಡಿ.