ಕೇಕ್ ಬೇಡ, ಉಳಿದದ್ದೆಲ್ಲ ಕೊಡಿ: ಕುಲಶೇಖರದ ಒಂದು ಕುಸ್ವಾರ್ ಡಬ್ಬ

ಒಂದು ಕಿಲೋ ಡಬ್ಬಕ್ಕೆ 850 ರೂಪಾಯಿ. ಅದರಲ್ಲಿ ಕಾಲು ಕಿಲೋ ಬರೀ ಕೇಕ್. ಮೊದಲೇ ಹೇಳಿಬಿಡುತ್ತೇನೆ: ಆ ಕಾಲು ಕಿಲೋ ದಂಡ, ಉಳಿದ ಮುಕ್ಕಾಲು ಕಿಲೋಗೆ ಕೊಟ್ಟ ದುಡ್ಡು ಸಾರ್ಥಕ.

ಮಾಡಿದವರು ಮಂಗಳೂರಿನ ಕುಲಶೇಖರದ ಒಬ್ಬರು ಬಾಯಮ್ಮ. ಕ್ಯಾಥೋಲಿಕ್ ಹೆಂಗಸರನ್ನು ನಮ್ಮ ಕಡೆ ಹಾಗೆ ಕರೆಯುವುದು. ಅಂಗಡಿ ಇಲ್ಲ, ಬೋರ್ಡ್ ಇಲ್ಲ. ವಾಟ್ಸಾಪಿನಲ್ಲಿ ಹೇಳಿದರೆ ಮಾಡಿಡುತ್ತಾರೆ, ನಾವೇ ಹೋಗಿ ತರಬೇಕು. ಹೆಸರು, ನಂಬರ್ ಹಾಕಬೇಡ ಅಂದಿದ್ದಾರೆ. ಈಗ ಬರುವ ಆರ್ಡರಿಗೇ ಅವರ ಸೊಂಟ ಬಿದ್ದುಹೋಗಿದೆಯಂತೆ. ಹಾಗಾಗಿ ಇದನ್ನು ಓದಿ ಅವರನ್ನೇ ಹುಡುಕಿಕೊಂಡು ಹೋಗಬೇಕಿಲ್ಲ. ಬೆಂದೂರು, ಬಿಜೈ, ವೆಲೆನ್ಸಿಯಾ, ಎಲ್ಲಿ ನೋಡಿದರೂ ಡಿಸೆಂಬರಿನಲ್ಲಿ ಹೀಗೆ ಮನೆಯಲ್ಲಿ ಮಾಡಿ ಕೊಡುವವರು ಇದ್ದಾರೆ. ಯಾರ ಹತ್ತಿರ ತಗೊಂಡರೂ ಏನು ನೋಡಬೇಕು ಅನ್ನುವುದಕ್ಕೆ ಇಷ್ಟು ಬರೆಯುತ್ತಿದ್ದೇನೆ.

ಘಟ್ಟದ ಮೇಲಿನವರಿಗೆ ಒಂದು ಮಾತು. ಕುಸ್ವಾರ್ ಅಂದರೆ ಒಂದು ತಿಂಡಿಯಲ್ಲ. ನಮ್ಮ ಕಡೆಯ ಕೊಂಕಣಿ ಕ್ಯಾಥೋಲಿಕರು ಕ್ರಿಸ್‌ಮಸ್‌ಗೆ ಮಾಡುವ ಹತ್ತಾರು ಬಗೆಯ ತಿಂಡಿಗಳ ಒಟ್ಟು ಹೆಸರು. ಮಾಡಿದವರು ತಿನ್ನುವುದಕ್ಕಿಂತ ಹಂಚುವುದೇ ಜಾಸ್ತಿ. ನಾನು ಕ್ಯಾಥೋಲಿಕಳಲ್ಲ, ಮನೆಮಾತು ತುಳು. ಆದರೆ ಪಕ್ಕದ ಮನೆಯ ಅಡುಗೆಮನೆಯಲ್ಲಿ ಪೇಪರ್ ಹಾಸಿಕೊಂಡು, ಫೋರ್ಕಿನ ಬೆನ್ನಿನ ಮೇಲೆ ಹಿಟ್ಟು ಒತ್ತಿ ಕುಲ್‌ಕುಲ್ ಸುತ್ತುತ್ತಾ ಬೆಳೆದವಳು. ಆ ಮನೆಯವರು ಈಗ ಮಗನ ಜೊತೆ ಕೆನಡಾದಲ್ಲಿದ್ದಾರೆ. ಕ್ರೋಶಾ ಬಟ್ಟೆ ಮುಚ್ಚಿಕೊಂಡು ಬರುತ್ತಿದ್ದ ತಟ್ಟೆ ನಿಂತಿತು. ಬ್ಯಾಂಕಿನ ಪೆನ್ಷನ್ ಬರುತ್ತದೆ, ಆಸೆ ಬಿಟ್ಟಿಲ್ಲ, ದುಡ್ಡು ಕೊಟ್ಟು ತಿನ್ನುತ್ತೇನೆ.

ಮೊದಲು ನೆವ್ರಿ, ಹೂರಣ ತುಂಬಿಸಿ ಕರಿದದ್ದು. ಯಾವ ಡಬ್ಬ ಬಂದರೂ ನಾನು ಮೊದಲು ಕೈ ಹಾಕುವುದು ಇದಕ್ಕೆ. ಒಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ. ಲೊಡಲೊಡ ಸದ್ದು ಬಂದರೆ ಹೂರಣ ಕಡಿಮೆ ಹಾಕಿದ್ದಾರೆ ಅಂತ ಅರ್ಥ. ಬಾಯಮ್ಮನ ನೆವ್ರಿಯಲ್ಲಿ ಸದ್ದೇ ಇಲ್ಲ, ತುಂಬಿಸಿದ್ದಾರೆ. ತೆಂಗಿನ ತುರಿಯನ್ನು ನೀರಿನ ಪಸೆ ಪೂರ್ತಿ ಹೋಗುವವರೆಗೆ ಹುರಿದಿದ್ದಾರೆ. ಎಳ್ಳು ಉಂಟು, ಒಣದ್ರಾಕ್ಷಿ ಉಂಟು, ಗೇರುಬೀಜದ ಚೂರು ಉಂಟು. ಏಲಕ್ಕಿ ಹದವಾಗಿದೆ. ಅಂಚನ್ನು ಹಲ್ಲಿನ ಚಕ್ರದಲ್ಲಿ ಕತ್ತರಿಸಿದ್ದು ನೀಟಾಗಿದೆ, ಒಂದೂ ಬಾಯಿ ಬಿಟ್ಟಿಲ್ಲ. ಬಾಯಿ ಬಿಟ್ಟ ಒಂದು ನೆವ್ರಿ ಸಾಕು, ಬಾಣಲೆಯ ಎಣ್ಣೆಯಿಡೀ ಕಪ್ಪಾಗಲು.

ಇಲ್ಲಿಗೆ ನನ್ನ ಮೊದಲ ತಕರಾರು. ಡಬ್ಬದೊಳಗೆ ಹೊಳೆಯುವ ಕಾಗದದ ಒಂದು ಕಾರ್ಡ್ ಇತ್ತು. ಬಾಯಮ್ಮನ ಮಗಳು ಮಾಡಿಸಿದ್ದಂತೆ. ಈ ತಿಂಡಿಗಳೆಲ್ಲ ಪೋರ್ಚುಗೀಸರು ನಮಗೆ ಕೊಟ್ಟು ಹೋದದ್ದು ಅಂತ ಅದರಲ್ಲಿ ಚಂದದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದಾರೆ. ನೆವ್ರಿಯೂ ಆ ಪಟ್ಟಿಯಲ್ಲಿದೆ! ಅಲ್ಲ ಮಾರಾಯ್ರೆ, ನೆವ್ರಿ ಅಂದರೆ ನಮ್ಮ ಕರ್ಜಿಕಾಯಿ ಅಲ್ವಾ? ಗೋವೆಯ ಹಿಂದೂಗಳು ಚೌತಿಗೆ ಗಣಪತಿಯ ಮುಂದೆ ಇಡುವುದೂ ಇದನ್ನೇ. ಚಕ್ಕುಲಿ, ಎಳ್ಳು, ಅಕ್ಕಿಹುಡಿಯ ಲಾಡು, ಇದನ್ನೆಲ್ಲ ಲಿಸ್ಬನ್ನಿನಿಂದ ಹಡಗಿನಲ್ಲಿ ತಂದರೇ?

ಮಂಗಳೂರಿನ ಕ್ಯಾಥೋಲಿಕರಲ್ಲಿ ಹೆಚ್ಚಿನವರ ಹಿರಿಯರು 16ರಿಂದ 18ನೇ ಶತಮಾನದ ನಡುವೆ ಗೋವೆಯಿಂದ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ ಬಂದವರು. ಬರ, ಯುದ್ಧ, ತೆರಿಗೆ, ಅದರ ಮೇಲೆ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಚರ್ಚಿನ ಮತವಿಚಾರಣೆ, ಹೀಗೆ ಕಾರಣ ಒಂದೆರಡಲ್ಲ. ಮತ ಬದಲಾದರೂ ಮನೆಯ ಪದ್ಧತಿ ಬದಲಾಗಿರಲಿಲ್ಲ, ಗೋವೆಯ ಅಧಿಕಾರಿಗಳಿಗೆ ಅದೇ ತಲೆನೋವು. 1736ರಲ್ಲಿ ಅವರು ಹೊರಡಿಸಿದ ಒಂದು ಆಜ್ಞೆಯಲ್ಲಿ ಏನೇನು ಮಾಡಬಾರದು ಅನ್ನುವ ಉದ್ದದ ಪಟ್ಟಿಯೇ ಇದೆ. ಉಪ್ಪು ಹಾಕದೆ ಅನ್ನ ಬೇಯಿಸಿ ಆಮೇಲೆ ರುಚಿಗೆ ಬೇಕಾದಷ್ಟು ಉಪ್ಪು ಹಾಕಿಕೊಳ್ಳುವುದೂ ಅದರಲ್ಲಿ ಸೇರಿತ್ತು, ಯಾಕೆಂದರೆ ಅದು ಹಿಂದೂಗಳ ರೂಢಿ. ಅನ್ನದ ಪಾತ್ರೆಯೊಳಗೂ ಇಣುಕಿ ನೋಡಿದ್ದಾರೆ ನೋಡಿ. ಅಂಥ ಕಾಲವನ್ನು ದಾಟಿ ಬಂದ ಮನೆಗಳಲ್ಲಿ ಕರ್ಜಿಕಾಯಿ ಉಳಿದುಕೊಂಡಿದೆ, ಬೇರೆ ಹಬ್ಬಕ್ಕೆ. ಆ ಹೆಂಗಸರ ಹಟವನ್ನು ಪೋರ್ಚುಗೀಸರ ಖಾತೆಗೆ ಜಮಾ ಮಾಡಿದರೆ ನನಗೆ ಸಿಟ್ಟು ಬರುತ್ತದೆ.

ಪೋರ್ಚುಗೀಸರದ್ದು ಏನೂ ಇಲ್ಲ ಅಂತಲ್ಲ. ನೆವ್ರಿಯೊಳಗಿನ ಗೇರುಬೀಜ ಅವರು ಬ್ರೆಜಿಲಿನಿಂದ ತಂದ ಮರದ್ದು. ಈಗ ನಮ್ಮ ಗುಡ್ಡೆಗಳಲ್ಲೆಲ್ಲ ಅದೇ. ಕುಲ್‌ಕುಲ್‌ಗೂ ಪೋರ್ಚುಗಲ್ಲಿನಲ್ಲಿ ಕ್ರಿಸ್‌ಮಸ್‌ಗೆ ಹಿಟ್ಟು ಸುತ್ತಿ ಕರಿಯುವ ಒಂದು ತಿಂಡಿಗೂ ನಂಟು ಹೇಳುತ್ತಾರೆ, ಅದನ್ನು ಒಪ್ಪಬಹುದು. ಆದರೆ ಹಿಟ್ಟಿಗೆ ತೆಂಗಿನ ಹಾಲು ಹಾಕಿದ್ದು ಇಲ್ಲಿನವರೇ. ಕಾರ್ಡಿನಲ್ಲಿ ಇದನ್ನೆಲ್ಲ ಎರಡು ಸಾಲಿನಲ್ಲಿ ಹೇಳಬಹುದಿತ್ತು. ಬಾಯಮ್ಮನಿಗೆ ಹೇಳಿದೆ. "ನಂಗೆಂತ ಗೊತ್ತು ಮಗಾ, ಅವಳು ಕಂಪ್ಯೂಟರಿನಲ್ಲಿ ನೋಡಿ ಬರೆದದ್ದು. ನಂಗೆ ಅಮ್ಮ ಹೇಳಿಕೊಟ್ಟದ್ದು" ಅಂದರು. ಆ ಕೊನೆಯ ಮಾತನ್ನೇ ಕಾರ್ಡಿನಲ್ಲಿ ಹಾಕಿಸಬಹುದಿತ್ತಲ್ಲ.

ಇನ್ನು ಡಬ್ಬದ ರಾಜ, ಕೊಕ್ಕಿಸಾಂ. ಇಂಗ್ಲಿಷಿನವರ ರೋಸ್ ಕುಕ್ಕಿ. ನಾನು ಡಬ್ಬ ತರಲು ಹೋದಾಗ ಬಾಯಮ್ಮ ಇದನ್ನೇ ಕರಿಯುತ್ತಿದ್ದರು. ಹಿತ್ತಲಿನ ಕಡೆಯ ಜಗಲಿಯಲ್ಲಿ ಒಲೆ, ಒಲೆಯ ಮೇಲೆ ದೊಡ್ಡ ಬಾಣಲೆ. ಉದ್ದ ಹಿಡಿಯ ಕಬ್ಬಿಣದ ಹೂವಿನಚ್ಚು. ಅಚ್ಚು ಮೊದಲು ಎಣ್ಣೆಯಲ್ಲಿ ಚೆನ್ನಾಗಿ ಕಾಯಬೇಕು. ಆಮೇಲೆ ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಚುಂಯ್ ಅಂತ ಸದ್ದು ಬರಬೇಕು, ಬರದಿದ್ದರೆ ಅಚ್ಚು ಕಾದಿಲ್ಲ. ಹಿಟ್ಟು ಅಚ್ಚಿನ ತಲೆಯ ಮೇಲೆ ಹತ್ತಿತೋ, ಮುಗಿಯಿತು, ಹೂವು ಬಿಡುವುದಿಲ್ಲ, ಕೆರೆದು ತೆಗೆಯಬೇಕು. ಹದವಾಗಿ ಅದ್ದಿದರೆ ಎಣ್ಣೆಗೆ ಇಳಿಸಿ ಸ್ವಲ್ಪ ಹೊತ್ತಿಗೆ ಮೆಲ್ಲನೆ ಒಂದು ಅಲುಗು, ಹೂವು ತಾನೇ ಕಳಚಿಕೊಂಡು ತೇಲುತ್ತದೆ. ಬಾಯಮ್ಮ ಇಷ್ಟೆಲ್ಲ ಮಾಡುತ್ತಾ ಫೋನಿನಲ್ಲಿ ಯಾರದೋ ಜೊತೆ ಕೊಂಕಣಿಯಲ್ಲಿ ಜಗಳ ಬೇರೆ ಆಡುತ್ತಿದ್ದರು. ಅಚ್ಚು ಅತ್ತೆಯ ಕಾಲದ್ದು. ಹೊಸ ಅಚ್ಚಾದರೆ ಗಂಜಿ ತೆಳಿಯಲ್ಲಿ ನೆನೆಹಾಕಿ, ಎಣ್ಣೆಯಲ್ಲಿ ಕಾಯಿಸಿ ಪಳಗಿಸಬೇಕು, ಇಲ್ಲದಿದ್ದರೆ ಒಂದು ಹೂವನ್ನೂ ಬಿಟ್ಟುಕೊಡುವುದಿಲ್ಲ ಅಂದರು.

ತಿಂದರೆ ಹಪ್ಪಳದ ಹಾಗೆ ಮುರಿಯುತ್ತದೆ, ಆಮೇಲೆ ತೆಂಗಿನ ಹಾಲಿನ ರುಚಿ ನಿಧಾನವಾಗಿ ಬರುತ್ತದೆ. ಸಿಹಿ ಕಡಿಮೆ. ಎಣ್ಣೆ ಕೈಗೆ ಹತ್ತುವುದಿಲ್ಲ. ಕೇರಳದವರ ಅಚ್ಚಪ್ಪಂ ಇದರ ಅಕ್ಕ. ಸ್ವೀಡನ್, ನಾರ್ವೆಯ ಕಡೆಯೂ ಕ್ರಿಸ್‌ಮಸ್‌ಗೆ ಇಂಥದ್ದೇ ಅಚ್ಚಿನಲ್ಲಿ ಇಂಥದ್ದೇ ಹೂವು ಕರಿಯುತ್ತಾರೆ. ಅಲ್ಲಿ ಹಸುವಿನ ಹಾಲು, ಮೈದಾ. ಇಲ್ಲಿ ತೆಂಗಿನ ಹಾಲು, ಅಕ್ಕಿಹಿಟ್ಟು.

ಗುಳಿಯೊ ಚೆನ್ನಾಗಿದೆ. ಅಕ್ಕಿ, ತೆಂಗಿನ ಹಾಲಿನ ಪುಟ್ಟ ಉಂಡೆಗಳು. ಎಣ್ಣೆಗೆ ಬಿಟ್ಟಾಗ ಪಟಾಕಿಯಂತೆ ಸಿಡಿಯುವ ಭಯಕ್ಕೆ ತುಂಬ ಜನ ಈಗ ಮಾಡುವುದೇ ಬಿಟ್ಟಿದ್ದಾರೆ. ತಾಂದ್ಳಾ ಲಾಡು ಅಂದರೆ ಹುರಿದ ಕುಚ್ಚಲಕ್ಕಿಯ ಹುಡಿಗೆ ಬೆಲ್ಲ, ತೆಂಗು ಸೇರಿಸಿ ಕಟ್ಟಿದ್ದು. ರುಚಿಯಲ್ಲಿ ತಪ್ಪಿಲ್ಲ, ಆದರೆ ಗಟ್ಟಿ. ನಮ್ಮನೆಯವರು ಹಲ್ಲಿನ ಸೆಟ್ಟಿಗೆ ಹೆದರಿ ಚಹಾದಲ್ಲಿ ಅದ್ದಿ ತಿಂದರು. ಕುಲ್‌ಕುಲ್‌ಗೆ ಸಕ್ಕರೆ ಪಾಕ ಜಾಸ್ತಿಯಾಗಿದೆ, ಫೋರ್ಕಿನ ಗೆರೆಯೇ ಕಾಣದಷ್ಟು ದಪ್ಪ. ಚಕ್ಕುಲಿ ಸಾಧಾರಣ.

ಈಗ ಕೇಕಿಗೆ ಬರೋಣ. ಅಡಿ ಒದ್ದೆ, ಮೇಲೆ ಸುಟ್ಟ ಸಕ್ಕರೆಯ ಕಹಿ, ನಡುವೆ ಟೂಟಿ ಫ್ರೂಟಿ ಸುರಿದಿದ್ದಾರೆ. ಬಣ್ಣ ಹಾಕಿದ ಪಪ್ಪಾಯಿ ಕಾಯಿಯನ್ನು ಇಷ್ಟು ದುಡ್ಡು ಕೊಟ್ಟು ಯಾಕೆ ತಿನ್ನಬೇಕು? "ಇದು ನಿಮ್ಮ ಕೈಯದ್ದಲ್ಲ ಅಲ್ವಾ ಬಾಯಮ್ಮ?" ಅಂತ ಕೇಳಿಯೇಬಿಟ್ಟೆ. ನಕ್ಕರು. "ಬೇಕರಿಯದ್ದು ಮಗಾ. ಕೇಕ್ ಇಲ್ಲದಿದ್ದರೆ ಡಬ್ಬ ಹೋಗುವುದಿಲ್ಲ. ಬೆಂಗಳೂರಿಗೆ ಕಳಿಸುವವರೆಲ್ಲ ಮೊದಲು ಕೇಳುವುದೇ ಕೇಕ್ ಉಂಟಾ ಅಂತ."

ಹೌದು, ಈಗ ಎಲ್ಲರಿಗೂ ಕ್ರಿಸ್‌ಮಸ್ ಅಂದರೆ ಕೇಕ್. ಆದರೆ ಈ ಡಬ್ಬದಲ್ಲಿ ಎಲ್ಲರಿಗಿಂತ ಕಿರಿಯ ಅದೇ. ನಮ್ಮ ರೊಸಾರಿಯೊ ಚರ್ಚ್ ಶುರುವಾದದ್ದು 1568ರಲ್ಲಿ, ಮಿಲಾಗ್ರಿಸ್ 1680ರಲ್ಲಿ. ಪ್ಲಮ್ ಕೇಕಿನ ಕಥೆ ಶುರುವಾಗುವುದು 1883ರಲ್ಲಿ, ಅದೂ ಪಕ್ಕದ ತಲಶ್ಶೇರಿಯಲ್ಲಿ. ಮರ್ಡೋಕ್ ಬ್ರೌನ್ ಎಂಬ ಬ್ರಿಟಿಷ್ ತೋಟದ ಮಾಲೀಕ ಇಂಗ್ಲೆಂಡಿನ ಒಂದು ಕೇಕ್ ತೋರಿಸಿ, ಇಂಥದ್ದು ಮಾಡಿಕೊಡು ಅಂತ ಬಿಸ್ಕೆಟ್ ಕಾರ್ಖಾನೆಯ ಮಂಬಳ್ಳಿ ಬಾಪುವಿಗೆ ಹೇಳಿದನಂತೆ. ಅವನು ಹಾಕು ಅಂದದ್ದು ಫ್ರೆಂಚ್ ಬ್ರಾಂಡಿ. ಬಾಪು ಹಾಕಿದ್ದು ಊರಿನ ಬಾಳೆಹಣ್ಣು, ಗೇರುಹಣ್ಣಿನಿಂದ ಮಾಡಿದ ಸಾರಾಯಿ. ಭಾರತದ ಮೊದಲ ಕ್ರಿಸ್‌ಮಸ್ ಕೇಕ್ ಅದೇ ಅಂತ ತಲಶ್ಶೇರಿಯವರು ಹೆಮ್ಮೆಯಿಂದ ಹೇಳುತ್ತಾರೆ. ಇನ್ನು ಇಂಗ್ಲೆಂಡಿನಲ್ಲೇ ಇಂಥ ಹಣ್ಣಿನ ಕೇಕಿನ ದೊಡ್ಡ ದಿನ ಜನವರಿ ಆರು, ಮೂರು ರಾಯರ ಹಬ್ಬದ್ದಾಗಿತ್ತು. ಡಿಸೆಂಬರಿಗೆ ಅದು ಗಟ್ಟಿಯಾಗಿ ಬಂದು ಕೂತದ್ದು ವಿಕ್ಟೋರಿಯಾ ರಾಣಿಯ ಕಾಲದಲ್ಲಿ. ಬಾಪುವಿನ ಕೇಕ್ ಸಿಕ್ಕಿದ್ದರೆ ನಾನು ಈ ತಕರಾರನ್ನೇ ಎತ್ತುತ್ತಿರಲಿಲ್ಲ ಬಿಡಿ. ಅದರಲ್ಲಿ ಊರಿನ ಸಾರಾಯಿಯಾದರೂ ಇತ್ತು.

ಡಬ್ಬದ ಮುಚ್ಚಳದ ಮೇಲೆ ಹಿಮ ಬಿದ್ದ ಮನೆಯ ಚಿತ್ರ. ಹೊರಗೆ ಬೆವರು ಸುರಿಯುತ್ತಿದೆ, ಫ್ಯಾನ್ ಕೆಳಗೆ ಕೂತು ನಾನು ಹಿಮ ನೋಡುತ್ತಿದ್ದೇನೆ. ಅದರ ಬದಲು ಒಂದು ಗೋದಲಿಯ ಚಿತ್ರ ಹಾಕಬಹುದಿತ್ತಲ್ಲ. ಗೋದಲಿಯ ಕಥೆಯೂ ಚಂದ ಉಂಟು: ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ 1223ರಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಹುಲ್ಲು ಹಾಸಿ, ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿ ಯೇಸು ಹುಟ್ಟಿದ ಕೊಟ್ಟಿಗೆಯನ್ನು ಜನರಿಗೆ ತೋರಿಸಿದರು. ನಮ್ಮ ಊರಿಗೆ ಬಂದ ಮೇಲೆ ಗೋದಲಿಗೆ ಗದ್ದೆ ಸೇರಿಕೊಂಡಿತು. ಕೆಲವು ದಿನ ಮೊದಲೇ ಭತ್ತವೋ ರಾಗಿಯೋ ಮೊಳಕೆ ಬರಿಸಿ, ಕೊಟ್ಟಿಗೆಯ ಮುಂದೆ ಹಸಿರು ಪೈರು ಇಡುತ್ತಾರೆ. ಬೆತ್ಲೆಹೇಮಿನ ಕುರುಬರು ನಮ್ಮ ಬೈಲುಗದ್ದೆಯ ಬದಿಯಲ್ಲಿ ನಿಂತಿರುತ್ತಾರೆ. ಹಿಮಕ್ಕಿಂತ ಅದು ಸಾವಿರ ಪಾಲು ಲೇಸು.

ಮುಚ್ಚಳದ ಮೂಲೆಯಲ್ಲಿ ಕ್ಯೂಆರ್ ಕೋಡ್ ಬೇರೆ. ಸ್ಕ್ಯಾನ್ ಮಾಡಿದರೆ ಹಾಡು ಬರುತ್ತದೆ. ಮೊದಲನೆಯದ್ದೇ ಜಿಂಗಲ್ ಬೆಲ್ಸ್. ಅಮೆರಿಕದ ಜೇಮ್ಸ್ ಪಿಯರ್‌ಪಾಂಟ್ 1857ರಲ್ಲಿ ಅಚ್ಚು ಮಾಡಿಸಿದ ಹಾಡು ಅದು. ಹಿಮದಲ್ಲಿ ಕುದುರೆ ಗಾಡಿ ಓಡಿಸುವ ಮಜಾ ಬಿಟ್ಟರೆ ಅದರಲ್ಲಿ ಬೇರೇನಿಲ್ಲ, ಕ್ರಿಸ್‌ಮಸ್ ಅನ್ನುವ ಮಾತೂ ಇಲ್ಲ. ಪಟ್ಟಿಯಲ್ಲಿ ಒಂದೂ ಕೊಂಕಣಿ ಹಾಡಿಲ್ಲ, ತುಳುವಿನದ್ದಿಲ್ಲ, ಕನ್ನಡದ್ದಿಲ್ಲ. ಸ್ವಿಟ್ಜರ್ಲೆಂಡಿನ ಪ್ರಾಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಷನ್ನಿನವರು 1834ರಲ್ಲಿ ಇಲ್ಲಿಗೆ ಬಂದು, 1841ರಲ್ಲಿ ಪ್ರೆಸ್ ಹಾಕಿ, ಕನ್ನಡದಲ್ಲೂ ತುಳುವಿನಲ್ಲೂ ಕ್ರೈಸ್ತ ಗೀತೆಗಳನ್ನು ಅಚ್ಚು ಹಾಕಿಸಿದ ಊರು ಇದು. ಡಿಸೆಂಬರಿನಲ್ಲಿ ಗಿಟಾರ್ ಹಿಡಿದುಕೊಂಡು ಮನೆಮನೆಗೆ ಬರುವ ಹುಡುಗರು ಕೊಂಕಣಿಯಲ್ಲಿ ಹಾಡಿದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕಿದ್ದರೂ ಸಾಕಿತ್ತು.

ತಗೊಳ್ಳುವವರಿಗೆ ಒಂದೆರಡು ಮಾತು. ಕೇಕ್ ಬೇಡ ಅಂತ ಮೊದಲೇ ಹೇಳಿ, ಅದರ ಬದಲು ಕೊಕ್ಕಿಸಾಂ ಜಾಸ್ತಿ ಹಾಕಿಸಿಕೊಳ್ಳಿ. ಬಾಯಮ್ಮ ಒಪ್ಪಿದರು, ಬೆಲೆ ಅದೇ. ಎಣ್ಣೆ ಯಾವುದು ಅಂತ ಕೇಳಲು ನಾಚಬೇಡಿ, ಇವರದ್ದು ತೆಂಗಿನೆಣ್ಣೆ. ಮನೆಗೆ ತಂದ ಮೇಲೆ ಲಾಡುವನ್ನು ಬೇರೆ ಡಬ್ಬಕ್ಕೆ ಹಾಕಿ, ಇಲ್ಲದಿದ್ದರೆ ಅದರ ಬೆಲ್ಲದ ಪಸೆಗೆ ಕೊಕ್ಕಿಸಾಂ ಮೆತ್ತಗಾಗುತ್ತದೆ. ಹೊಳೆಯುವ ರಟ್ಟಿನ ಡಬ್ಬ ಬೇಡ ಅಂತ ಸ್ಟೀಲ್ ಡಬ್ಬ ತಗೊಂಡು ಹೋದರೆ 40 ರೂಪಾಯಿ ಕಡಿಮೆ ಮಾಡುತ್ತಾರೆ. ಆಗ ಕಾರ್ಡೂ ಬರುವುದಿಲ್ಲ, ಹಿಮವೂ ಬರುವುದಿಲ್ಲ.