ಮದುವೆ ಮೇಲೆ ಗ್ರೀನ್ ಕಾರ್ಡ್ ಮಾಡಿಸ್ಕೊಡ್ತೀವಿ ಅನ್ನೋರಿಗೆ ದುಡ್ಡು ಕೊಡೋ ಮುಂಚೆ ಇದನ್ನ ಓದಿ

3,57,000 ರೂಪಾಯಿ ಹೋಯ್ತು. ಹದಿನಾಲ್ಕು ತಿಂಗಳು ಹೋಯ್ತು. ದುಡ್ಡಿಗಿಂತ ಆ ಹದಿನಾಲ್ಕು ತಿಂಗಳೇ ಹೊಟ್ಟೆ ಉರಿಸ್ತಿರೋದು. ಬರೆಯೋಕೆ ನಾಚಿಕೆ ಆಗ್ತಿದೆ. ನಾನು ಏನೂ ಓದದೇ ಇರೋಳಲ್ಲ, ಮಂಡ್ಯದಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳ್ಕೊಡ್ತೀನಿ. ಆದ್ರೂ ಮೋಸ ಹೋದೆ. ಅಮೆರಿಕದ ಅಳಿಯ ಇರೋ ಮನೆಗಳು ನಮ್ಮ ಕಡೆ ಬೇಕಾದಷ್ಟಿವೆ, ಇನ್ನೊಬ್ಬರು ಅದೇ ಮೆಟ್ಟಿಲು ಹತ್ತಬಾರದು ಅಂತ ಬರೀತಿದ್ದೀನಿ.

ನಮ್ಮ ಮದುವೆ ಆಗಿದ್ದು 2024ರ ಫೆಬ್ರವರಿಯಲ್ಲಿ. ನಮ್ಮೆಜಮಾನ್ರು ಅಮೆರಿಕದ ಸಿಟಿಜನ್, ರಜೆ ಮುಗಿಸಿ ಮಾರ್ಚ್‌ನಲ್ಲಿ ವಾಪಸ್ ಹೋದ್ರು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮದುವೆ ರಿಜಿಸ್ಟರ್ ಆಗಿತ್ತು, ಪಾಸ್‌ಪೋರ್ಟ್‌ನಲ್ಲಿ ಗಂಡನ ಹೆಸರು ಸೇರಿಸಿದ್ದೆ. ಇನ್ನು ಉಳಿದಿದ್ದು ಐ-130 ಅರ್ಜಿ. ಗಂಡ ಅಥವಾ ಹೆಂಡತಿಗೋಸ್ಕರ ಅಮೆರಿಕದಲ್ಲಿರೋರು ಹಾಕೋ ಮೊದಲನೇ ಅರ್ಜಿ ಅದು. "ನಾನೇ ಆನ್‌ಲೈನಲ್ಲಿ ಹಾಕ್ತೀನಿ ಬಿಡು" ಅಂದ್ರು ಇವರು. ಬೇಡ ಅಂದಿದ್ದು ನಾನು. ಕಾಗದ ಪತ್ರ ಎಲ್ಲ ಇಲ್ಲೇ ಇದೆ, ಮೈಸೂರಲ್ಲಿ ಗೊತ್ತಿರೋರು ಇದ್ದಾರೆ, ಒಂದು ತಪ್ಪಾದ್ರೆ ವರ್ಷಗಟ್ಟಲೆ ಕಾಯಬೇಕಾಗುತ್ತೆ ಅಂತ ಹಟ ಹಿಡಿದೆ. ಅಪ್ಪನಿಗೆ ಪರಿಚಯದೋರೊಬ್ಬರು ಅಲ್ಲಿನ ವೀಸಾ ಏಜೆಂಟ್ ಒಬ್ಬನ ಆಫೀಸಿನ ವಿಸಿಟಿಂಗ್ ಕಾರ್ಡ್ ಕೊಟ್ಟಿದ್ರು.

ಜೂನ್‌ನಲ್ಲಿ ಹೋದ್ವಿ. ಎಸಿ ರೂಮು, ಗೋಡೆ ಮೇಲೆ ಧ್ವಜ, ಮೇಜಿನ ಮೇಲೆ ಫೈಲುಗಳ ರಾಶಿ. ಆತ ಮೊದಲು ಕೇಳಿದ್ದು 60,000. ಸರ್ಕಾರಿ ಫೀಸು ಆನ್‌ಲೈನಲ್ಲಿ 625 ಡಾಲರ್, ಅಂದರೆ ಆಗಿನ ಲೆಕ್ಕಕ್ಕೆ ಹತ್ತಿರ ಹತ್ತಿರ 52,000. ಉಳಿದಿದ್ದು ಅವನ ಚಾರ್ಜು. ನ್ಯಾಯವಾಗಿದೆ ಅನ್ನಿಸ್ತು. ನಂಬಿಕೆ ಹುಟ್ಟಿದ್ದೇ ಅಲ್ಲಿ.

ಮುಂದಿನ ತಿಂಗಳು ಫೋನು. "ಮೇಡಂ, ನಾರ್ಮಲ್ ಆದ್ರೆ ವರ್ಷದ ಮೇಲಾಗುತ್ತೆ. ಪ್ರೀಮಿಯಂ ಹಾಕಿದ್ರೆ ನಲವತ್ತೈದು ದಿನ." ಪ್ರೀಮಿಯಂ ಫೀಸು 2,805 ಡಾಲರ್ ಅಂದ. ನಾನು ಗೂಗಲ್‌ನಲ್ಲಿ ನೋಡಿದೆ, ನಿಜವಾಗಿ 2,805 ಅಂತಲೇ ಇತ್ತು! ನೋಡಿದ್ದು ಅಷ್ಟೇ. ಅದು ಯಾವ ಅರ್ಜಿಗೆ ಅಂತ ಕೆಳಗೆ ಓದಲಿಲ್ಲ. ಅದು ಎಚ್-1ಬಿ ಥರ ಕಂಪನಿಗಳು ಕೆಲಸದೋರಿಗೆ ಹಾಕೋ ಅರ್ಜಿಗೆ. ಐ-130ಗೆ ಪ್ರೀಮಿಯಂ ಅನ್ನೋದೇ ಇಲ್ಲ. ಇಲ್ಲವೇ ಇಲ್ಲ. ಇನ್ನೊಂದ್ಸಲ ಹೇಳ್ತೀನಿ, ಗಂಡ ಹೆಂಡತಿ ಅರ್ಜಿಗೆ ಎಷ್ಟು ದುಡ್ಡು ಸುರಿದರೂ ಪ್ರೀಮಿಯಂ ಇಲ್ಲ. ಅಪ್ಪ ಕಬ್ಬಿನ ದುಡ್ಡು, ಮೇಲೆ ಅಮ್ಮನ ಬಳೆ ಅಡ ಇಟ್ಟ ದುಡ್ಡು ಸೇರಿಸಿ 2,34,000 ಕೊಟ್ರು.

ಆಮೇಲೆ ಮೆಡಿಕಲ್ ಅಂತ 18,000. ಮೈಸೂರಿನ ಒಂದು ಲ್ಯಾಬಲ್ಲಿ ರಕ್ತ ತೆಗೆಸಿದ, ಎಕ್ಸ್‌ರೇ ಮಾಡಿಸಿದ. ಈಗ ಗೊತ್ತಾಗಿದ್ದು ಏನಂದ್ರೆ, ವೀಸಾ ಮೆಡಿಕಲ್ ಮಾಡೋಕೆ ಅಮೆರಿಕದವರೇ ಒಪ್ಪಿಗೆ ಕೊಟ್ಟ ಡಾಕ್ಟರ್‌ಗಳು ಬೇರೆ ಇರ್ತಾರೆ, ಅದೂ ಇಂಟರ್‌ವ್ಯೂ ಹತ್ತಿರ ಬಂದಾಗ. ಬೇರೆ ಯಾರ ರಿಪೋರ್ಟೂ ನಡೆಯಲ್ಲ. ಆ ಎಕ್ಸ್‌ರೇ ಇನ್ನೂ ಬೀರುವಿನ ಮೇಲಿದೆ.

ನವೆಂಬರ್‌ನಲ್ಲಿ ಇನ್ನೊಂದು 45,000, ಸಿಟಿಜನ್‌ಶಿಪ್ ಫೈಲ್ ಅಂತ. "ಮದುವೆಯಾದ ದಿನದಿಂದ ಮೂರು ವರ್ಷ ಮೇಡಂ, 2027ಕ್ಕೆ ನೀವೂ ಸಿಟಿಜನ್. ಇಂಡಿಯಾ ಪಾಸ್‌ಪೋರ್ಟೂ ಇಟ್ಕೊಳ್ಳಿ, ಅದೂ ಇರ್ಲಿ." ಎರಡು ಮಾತು, ಎರಡೂ ಸುಳ್ಳು. ಮೂರು ವರ್ಷ ಎಣಿಸೋದು ಮದುವೆ ದಿನದಿಂದ ಅಲ್ಲ, ಗ್ರೀನ್ ಕಾರ್ಡ್ ಸಿಕ್ಕ ದಿನದಿಂದ. ಆ ಮೂರೂ ವರ್ಷ ಸಿಟಿಜನ್ ಆಗಿರೋ ಗಂಡನ ಜೊತೆ ಸಂಸಾರ ಮಾಡ್ಕೊಂಡಿರಬೇಕು, ಅದರಲ್ಲಿ ಕನಿಷ್ಠ 18 ತಿಂಗಳು ಅಮೆರಿಕದ ನೆಲದ ಮೇಲೇ ಇರಬೇಕು, ಇಂಗ್ಲಿಷು, ಅಲ್ಲಿನ ಇತಿಹಾಸ, ಸರ್ಕಾರದ ಬಗ್ಗೆ ಪರೀಕ್ಷೆ ಬೇರೆ. ಗಂಡ ಹೆಂಡತಿ ಲೆಕ್ಕ ಬಿಟ್ಟರೆ ಐದು ವರ್ಷ. ಅಲ್ಲಿನ ಪೌರತ್ವ ತಗೊಂಡ ಗಳಿಗೆಗೆ ನಮ್ಮ 1955ರ ಪೌರತ್ವ ಕಾಯ್ದೆ ಪ್ರಕಾರ ಭಾರತದ ಪೌರತ್ವ ಹೋಗುತ್ತೆ, ಪಾಸ್‌ಪೋರ್ಟ್ ಒಪ್ಪಿಸಬೇಕು. ಆಮೇಲೆ ಸಿಗೋದು ಒಸಿಐ ಕಾರ್ಡು, ಅಂದ್ರೆ ಬೇರೆ ದೇಶದ ಪೌರತ್ವ ಇರೋ ಭಾರತೀಯ ಮೂಲದೋರಿಗೆ ಕೊಡೋದು. ಅದಿಟ್ಕೊಂಡು ಗದ್ದೆ ಕೊಂಡ್ಕೊಳ್ಳೋಕಾಗಲ್ಲ, ಪಿತ್ರಾರ್ಜಿತವಾಗಿ ಬಂದ್ರೆ ಸರಿ. ನಾಲೆ ಬಯಲಿನ ರೈತರ ಮಗಳಿಗೆ ಇದು ಸಣ್ಣ ವಿಷಯವಾ? ಇದನ್ನೆಲ್ಲ ಹೇಳ್ಬೇಕಾದೋನು ಅವನಲ್ಲವಾ?

ಅರ್ಜಿ ಹಾಕಿದ್ದಕ್ಕೆ ರಸೀದಿ ಕೊಡಿ ಅಂದ್ರೆ ವಾಟ್ಸಾಪಲ್ಲಿ ಮಸುಕು ಫೋಟೋ. ಅರ್ಜಿ ಹಾಕೋ ಆನ್‌ಲೈನ್ ಅಕೌಂಟು ಅವನ ಆಫೀಸಿನ ಇಮೇಲಲ್ಲಿ. ಪಾಸ್‌ವರ್ಡ್ ಕೇಳಿದ್ರೆ, "ಪದೇ ಪದೇ ಚೆಕ್ ಮಾಡಬೇಡಿ ಮೇಡಂ, ಫೈಲಿಗೆ ಫ್ಲ್ಯಾಗ್ ಬೀಳುತ್ತೆ." ಇವರು ಅಲ್ಲಿಂದ ಎರಡು ಸಲ ಕೇಳಿದ್ರು, ಏನೋ ಸರಿ ಕಾಣ್ತಿಲ್ಲ ಅಂತ. ನಾನೇ ಬೈದೆ, ಎಲ್ಲರ ಮೇಲೂ ಅನುಮಾನ ಪಡಬೇಡಿ ಅಂತ. ಅದೊಂದು ಮಾತು ಈಗಲೂ ರಾತ್ರಿ ನಿದ್ದೆ ಕೆಡಿಸುತ್ತೆ.

ನಲವತ್ತೈದು ದಿನ ಆರು ತಿಂಗಳಾಯ್ತು, ಎಂಟಾಯ್ತು. ಜೋರು ಮಾಡಿದಾಗ ಇನ್ನೊಂದು ದಾರಿ ಹೇಳಿದ. ಟೂರಿಸ್ಟ್ ವೀಸಾ ತಗೊಂಡು ಹೋಗಿಬಿಡಿ, ಫಾರಂನಲ್ಲಿ ಮದುವೆ ಆಗಿಲ್ಲ ಅಂತ ಹಾಕಿ, ಚೆನ್ನೈನಲ್ಲಿ ನಮ್ಮೋರಿದ್ದಾರೆ.

"ಪಾಸ್‌ಪೋರ್ಟ್‌ನಲ್ಲೇ ಗಂಡನ ಹೆಸರಿದೆಯಲ್ಲ ಸರ್?"

"ಹೊಸದು ಮಾಡ್ಸೋಣ ಬಿಡಿ ಮೇಡಂ."

ಅದಕ್ಕೆ ನಾನು ಒಪ್ಪಲಿಲ್ಲ, ದೇವರು ಕಾಪಾಡಿದ. ವೀಸಾಗೆ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಜೀವನಪೂರ್ತಿ ಅಮೆರಿಕದ ಬಾಗಿಲು ಮುಚ್ಚಬಹುದು, ಹೆಂಡತಿ ಅನ್ನೋ ಹಕ್ಕಿದ್ರೂ ವಿನಾಯಿತಿಗೆ ಬೇರೆಯಾಗಿ ಅಂಗಲಾಚಬೇಕು. ಅಷ್ಟು ಹೊತ್ತಿಗೇ ಎದ್ದು ಬರಬೇಕಿತ್ತು. ಬರಲಿಲ್ಲ. ಅಷ್ಟು ದುಡ್ಡು ಕೊಟ್ಟಾಗಿತ್ತಲ್ಲ.

ಗೊತ್ತಾಗಿದ್ದು 2025ರ ಶ್ರಾವಣದಲ್ಲಿ, ಶ್ರೀರಂಗಪಟ್ಟಣದಲ್ಲಿ ನೆಂಟರ ಮಗುವಿನ ನಾಮಕರಣದ ದಿನ. ನಮ್ಮ ಚಿಕ್ಕಪ್ಪನ ಸೊಸೆ ಅದೇ ದಾರಿಯಲ್ಲಿ ಹೋಗಿ ಬಂದೋಳು. ಊಟಕ್ಕೆ ಕೂತಾಗ ಕೇಳಿದ್ಲು, "ಅಕ್ಕ, ಐ-130ಗೆ ಪ್ರೀಮಿಯಂ ಇಲ್ವಲ್ಲ? ರಸೀದಿ ನಂಬರ್ ಕೊಡಿ." ನನ್ನ ಹತ್ರ ಇದ್ದ ಮಸುಕು ಫೋಟೋ ದೊಡ್ಡದು ಮಾಡಿ ನೋಡಿದ್ವಿ. ಐಒಇ ಅಂತ ಮೂರಕ್ಷರ, ಆಮೇಲೆ ಹತ್ತು ಅಂಕಿ. ಯುಎಸ್‌ಸಿಐಎಸ್, ಅಂದ್ರೆ ಈ ಅರ್ಜಿ ನೋಡೋ ಅಮೆರಿಕದ ವಲಸೆ ಇಲಾಖೆ, ಅವರ ವೆಬ್‌ಸೈಟಲ್ಲಿ ಹಾಕಿದ್ಲು. ಅರ್ಧ ನಿಮಿಷ ಕೂಡ ಆಗಲಿಲ್ಲ. ನಿಮ್ಮ ಐ-765 ಅರ್ಜಿ ತಲುಪಿದೆ ಅಂತ ಬಂತು. ಐ-765 ಅಂದ್ರೆ ಅಮೆರಿಕದೊಳಗೇ ಇರೋ ಯಾರೋ ಕೆಲಸದ ಪರ್ಮಿಟ್‌ಗೆ ಹಾಕಿದ್ದು. ನಂದಲ್ಲ. ಯಾರದೋ ರಸೀದಿ ಮೇಲೆ ನಮ್ಮ ಹೆಸರು ಅಂಟಿಸಿದ್ದ. ಎಲೆ ಮೇಲೆ ಹೋಳಿಗೆ ಹಾಗೇ ಇತ್ತು, ತುತ್ತು ಇಳೀಲಿಲ್ಲ. ಅಪ್ಪ ಎದುರು ಸಾಲಲ್ಲಿ ಕೂತು ಯಾರಿಗೋ ಹೇಳ್ತಿದ್ರು, "ನಮ್ ಮಗೂದು ಈ ವರ್ಷ ಆಗೋಯ್ತದೆ." ಅಪ್ಪನಿಗೆ ಹೇಗೆ ಹೇಳ್ಲಿ ಅನ್ನೋದೊಂದೇ ತಲೆಯಲ್ಲಿ.

ಮಾರನೇ ದಿನ ಆಫೀಸಿಗೆ ಹೋದ್ವಿ. ಮೊದಲು "ಟೈಪಿಂಗ್ ಮಿಸ್ಟೇಕ್" ಅಂದ. ಆಮೇಲೆ "ಅಲ್ಲಿರೋ ನಮ್ಮ ಲಾಯರ್ ಹಾಗೆ ಮಾಡಿದ್ದಾರೆ" ಅಂದ. ಯಾವ ಲಾಯರ್, ಹೆಸರು ಹೇಳಿ ಅಂದ್ರೆ "ಕಾನ್ಫಿಡೆನ್ಶಿಯಲ್". ಅಪ್ಪ ಕೈ ಮುಗಿದ್ರು. "ಸಾ, ಕಬ್ಬಿನ ದುಡ್ಡು ಸಾ ಅದು. ಅರ್ಧನಾದ್ರೂ ಕೊಡಿ." ಅಪ್ಪ ಹಾಗೆ ಯಾರ ಮುಂದೆಯೂ ಕೈ ಮುಗಿದಿದ್ದು ನಾನು ನೋಡಿಲ್ಲ. ಅದಕ್ಕೆ ಆತ ಕೊಟ್ಟ ಉತ್ತರ ಕೇಳಿ: "ಯಜಮಾನ್ರೇ, ಲೇಟಾಗಿದ್ದು ನಿಮಗೇ ಒಳ್ಳೇದಾಯ್ತು. ಮದುವೆಯಾಗಿ ಎರಡು ವರ್ಷ ದಾಟಿ ಹೋದ್ರೆ ಡೈರೆಕ್ಟ್ ಹತ್ತು ವರ್ಷದ ಕಾರ್ಡು."

ಆ ನಿಯಮ ನಿಜವೇ. ಮದುವೆಯಾಗಿ ಎರಡು ವರ್ಷ ತುಂಬೋ ಮುಂಚೆ ಅಮೆರಿಕದೊಳಗೆ ಹೋದ್ರೆ ಎರಡು ವರ್ಷದ ಷರತ್ತಿನ ಗ್ರೀನ್ ಕಾರ್ಡು, ಅದು ಮುಗಿಯೋಕೆ ಮುಂಚಿನ 90 ದಿನದೊಳಗೆ ಐ-751 ಹಾಕಿ ಷರತ್ತು ತೆಗೆಸಬೇಕು. ದಾಟಿದ ಮೇಲೆ ಹೋದ್ರೆ ಹತ್ತು ವರ್ಷದ್ದು. ಆದ್ರೆ ಗಂಡನಿಂದ ದೂರ ಕೂರಿಸಿ, ಅರ್ಜಿಯನ್ನೇ ಹಾಕದೆ, ಅದನ್ನ ನಮಗೆ ಉಪಕಾರ ಅಂತ ಹೇಳೋಕೆ ಬಾಯಿ ಹೇಗೆ ಬಂತು? ಅರ್ಜಿ ಹಾಕದೇ ಇದ್ರೆ ಯಾವ ಕಾರ್ಡಯ್ಯಾ?

ಈಗ ಆಫೀಸಿನ ಫೋನು ಎತ್ತಲ್ಲ. ಠಾಣೆಯಲ್ಲಿ "ದುಡ್ಡಿನ ವ್ಯವಹಾರ, ಕೋರ್ಟಿಗೆ ಹೋಗಿ" ಅಂದ್ರು, ಬಿಡದೆ ಕೂತು ದೂರು ಕೊಟ್ಟು ಸ್ವೀಕೃತಿ ತಗೊಂಡು ಬಂದಿದ್ದೀವಿ. ಗ್ರಾಹಕರ ಆಯೋಗಕ್ಕೂ ಕಾಗದ ರೆಡಿ ಮಾಡ್ತಿದ್ದೀವಿ.

ನಿಮಗೆ ಹೇಳೋದು ಇಷ್ಟೇ. ಅಕೌಂಟು ಅರ್ಜಿ ಹಾಕೋರ ಇಮೇಲಲ್ಲೇ ಇರಲಿ, ಫೀಸು ಅವರ ಕಾರ್ಡಿಂದಲೇ ಹೋಗಲಿ. ರಸೀದಿ ನಂಬರ್ ಬಂದ ದಿನವೇ ನೀವೇ ಹಾಕಿ ನೋಡಿ, ಐ-130 ಅಂತ ಕಾಣಲೇಬೇಕು. ಲಾಯರ್ ಇದ್ದಾರೆ ಅಂದ್ರೆ ಜಿ-28 ಫಾರಂ, ಅಂದ್ರೆ ಈ ಅರ್ಜಿಗೆ ವಕೀಲರು ನಾವೇ ಅಂತ ಅವರು ಹಾಕೋ ಫಾರಂ, ತೋರಿಸಿ ಅನ್ನಿ. ಅಮೆರಿಕದ ವಲಸೆ ಕಾನೂನಿನ ಸಲಹೆ ಕೊಡೋಕೆ ಅಲ್ಲಿನ ವಕೀಲರಿಗೆ, ಇಲ್ಲ ಅಲ್ಲಿನ ನ್ಯಾಯ ಇಲಾಖೆ ಮಾನ್ಯತೆ ಕೊಟ್ಟೋರಿಗೆ ಮಾತ್ರ ಹಕ್ಕಿರೋದು. ನಮ್ಮಂಥೋರ ಗಂಡ ಹೆಂಡತಿ ವೀಸಾ ಇಂಟರ್‌ವ್ಯೂ ಆಗೋದು ಮುಂಬೈನಲ್ಲಿ, ಚೆನ್ನೈನಲ್ಲಿ ನಮ್ಮೋರಿದ್ದಾರೆ ಅಂದೋನ ಎದುರು ಒಂದು ನಿಮಿಷವೂ ಕೂರಬೇಡಿ.

ಸೆಪ್ಟೆಂಬರ್‌ನಲ್ಲಿ ಇವರೇ ಅರ್ಜಿ ಹಾಕಿದ್ರು. ಒಂದು ಭಾನುವಾರ ಕೂತು ಹಾಕಿದ್ದು, 625 ಡಾಲರ್. ನಂಬರ್ ಬಂದ ತಕ್ಷಣ ನಾನೇ ಟೈಪ್ ಮಾಡಿ ನೋಡಿದೆ, ಐ-130. ಅಪ್ಪನಿಗೂ ತೋರಿಸಿದೆ. ಇನ್ನು ವರ್ಷದ ಮೇಲೇ ಕಾಯಬೇಕು. ಇದೇ ಥರ ಮಸುಕು ರಸೀದಿ ಮೈಸೂರಲ್ಲಿ ನಿಮಗೂ ಕೊಟ್ಟಿದ್ರೆ ಅದನ್ನ ಅಳಿಸಬೇಡಿ, ದುಡ್ಡು ಕಳಿಸಿದ ದಾಖಲೆ ಜೊತೆ ಇಟ್ಕೊಂಡು ನೀವೂ ದೂರು ಕೊಡಿ. ನಮ್ಮದೊಂದೇ ದೂರಿದ್ರೆ ಅವರು ಟೈಪಿಂಗ್ ಮಿಸ್ಟೇಕ್ ಅಂತಲೇ ಹೇಳ್ತಾರೆ.