ಎಪಿ2: ಸಹಿ ಗಟ್ಟಿಯಾಗಿದೆ, ಕಮಿಷನ್ ಕಾಲಂ ಇಲ್ಲ

ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಚಿಕ್ಕ ಆಫೀಸಿದೆ. ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರ್ ಕೆಲಸ, ಅಂದರೆ ಕಮಿಷನ್ ಪಡೆದು ಜನರಿಗೆ ಫಂಡ್ ಮಾರಿಕೊಡುವುದು. ದುಡ್ಡು ಕಟ್ಟುವ ಯಾವ ಹೊಸ ವ್ಯವಸ್ಥೆ ಬಂದರೂ ನಾನು ಎರಡು ವಿಷಯ ನೋಡುತ್ತೇನೆ. ಗಿರಾಕಿಯ ಒಪ್ಪಿಗೆಗೆ ದಾಖಲೆ ಇದೆಯೇ? ಮಧ್ಯೆ ನಿಂತು ಸಲಹೆ ಕೊಟ್ಟವರಿಗೆ ಯಾರಿಂದ ಎಷ್ಟು ಹೋಯಿತು ಅನ್ನುವುದು ಕಾಗದದ ಮೇಲೆ ಕಾಣುತ್ತದೆಯೇ? ಗೂಗಲ್ 2025ರ ಸೆಪ್ಟೆಂಬರ್ 16ರಂದು ಪ್ರಕಟಿಸಿದ ಏಜೆಂಟ್ ಪೇಮೆಂಟ್ಸ್ ಪ್ರೋಟೋಕಾಲ್, ಅಂದರೆ ಎಪಿ2, ಮೊದಲನೆಯದರಲ್ಲಿ ಚೆನ್ನಾಗಿ ಪಾಸಾಗಿದೆ. ಎರಡನೆಯದನ್ನು ಅದರ ಮೊದಲ ಆವೃತ್ತಿ ಮುಟ್ಟಿಯೇ ಇಲ್ಲ. ನನ್ನ ಅಂಕ ಐದಕ್ಕೆ ಮೂರು.

ಇದು ಫೋನಿಗೆ ಇಳಿಸಿಕೊಳ್ಳುವ ಆ್ಯಪ್ ಅಲ್ಲ. ಎಐ ಏಜೆಂಟುಗಳು, ಅಂದರೆ ಹೇಳಿದ ಕೆಲಸವನ್ನು ತಾವೇ ಮಾಡಿ ಮುಗಿಸುವ ಪ್ರೋಗ್ರಾಂಗಳು, ನಮ್ಮ ಪರವಾಗಿ ಸಾಮಾನು ಕೊಳ್ಳುವಾಗ ಪಾಲಿಸಬೇಕಾದ ನಿಯಮಗಳ ಕಟ್ಟು. ಪ್ರೋಗ್ರಾಂಗಳನ್ನು ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಕಾರ್ಡ್ ಕಂಪನಿಗಳು, ಪಾವತಿ ಸಂಸ್ಥೆಗಳು ಎಲ್ಲ ಸೇರಿ 60ಕ್ಕೂ ಹೆಚ್ಚು ಸಂಸ್ಥೆಗಳು ಶುರುವಿನಲ್ಲೇ ಕೈಜೋಡಿಸಿವೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮಣ್ಣನ ಮಗ ದೀಪಾವಳಿಗೆ ಊರಿಗೆ ಬಂದಾಗ ಅದರ ಮಾದರಿ ಪ್ರೋಗ್ರಾಂ ಅನ್ನು ಲ್ಯಾಪ್‌ಟಾಪಿನಲ್ಲಿ ಓಡಿಸಿ ತೋರಿಸಿದ. ಅಲ್ಲಿನ ಅಂಗಡಿ ನಿಜವಲ್ಲ, ದುಡ್ಡೂ ನಿಜವಲ್ಲ. ಆದರೆ ನಡೆಯುವ ಕ್ರಮ ನಿಜ. ಕಾಫಿ ಮೇಕರ್ ಬೇಕೆಂದು ಟೈಪ್ ಮಾಡಿದೆವು. ನಮ್ಮ ಕಡೆಯ ಏಜೆಂಟ್ ಅಂಗಡಿ ಕಡೆಯ ಏಜೆಂಟನ್ನು ವಿಚಾರಿಸಿ, ಕೆಲವನ್ನು ಮುಂದಿಟ್ಟು, ಯಾವುದು ಬೇಕೆಂದು ಕೇಳಿತು.

ಮೊದಲ ಆವೃತ್ತಿಯಲ್ಲಿ ಈ ಇಡೀ ವ್ಯವಹಾರ ಮೂರು ಮ್ಯಾಂಡೇಟ್‌ಗಳ ಮೇಲೆ ನಿಂತಿದೆ. ಎಸ್‌ಐಪಿ, ಅಂದರೆ ತಿಂಗಳು ತಿಂಗಳು ಫಂಡಿಗೆ ದುಡ್ಡು ಕಟ್ಟುವ ಏರ್ಪಾಡು, ಮಾಡಿಸಿದವರಿಗೆ ಮ್ಯಾಂಡೇಟ್ ಗೊತ್ತು: ಸಹಿ ಮಾಡಿ ಕೊಡುವ ಒಪ್ಪಿಗೆ ಪತ್ರ. ಇಲ್ಲಿ ಮೊದಲನೆಯದು ಇಂಟೆಂಟ್ ಮ್ಯಾಂಡೇಟ್. ಏನು ಬೇಕು, ಯಾವ ಅಂಗಡಿಗಳಿಂದ ಆಗಬಹುದು, ವಾಪಸ್ ಕೊಡುವ ಸೌಲಭ್ಯ ಇರಲೇಬೇಕೆ, ಈ ಅಪ್ಪಣೆ ಎಲ್ಲಿಯವರೆಗೆ ಊರ್ಜಿತ, ಇಷ್ಟೂ ಅದರಲ್ಲಿ ಇರುತ್ತವೆ. ಎರಡನೆಯದು ಕಾರ್ಟ್ ಮ್ಯಾಂಡೇಟ್. ಇದೇ ವಸ್ತು, ಇದೇ ಬೆಲೆ ಎಂದು ಅಂಗಡಿಯವರೇ ಡಿಜಿಟಲ್ ಸಹಿ ಹಾಕುತ್ತಾರೆ. ಮೂರನೆಯದು ಪೇಮೆಂಟ್ ಮ್ಯಾಂಡೇಟ್. ಈ ಪಾವತಿಯಲ್ಲಿ ಏಜೆಂಟ್ ಕೈ ಇದೆ, ಆ ಹೊತ್ತಿಗೆ ಮನುಷ್ಯ ಎದುರಿಗಿದ್ದನೋ ಇಲ್ಲವೋ ಎಂಬುದನ್ನು ಬ್ಯಾಂಕಿಗೂ ಕಾರ್ಡ್ ಜಾಲಕ್ಕೂ ತಿಳಿಸುವುದು ಇದರ ಕೆಲಸ.

ನನಗೆ ನಿಜಕ್ಕೂ ಹಿಡಿಸಿದ್ದು ಕಾರ್ಟ್ ಮ್ಯಾಂಡೇಟ್. ಅಂಗಡಿಯವರು ಆಮೇಲೆ ಬೆಲೆ ತಿರುಚುವಂತಿಲ್ಲ. ಗಿರಾಕಿ 'ನಾನು ಹೇಳಿರಲಿಲ್ಲ' ಎಂದರೂ, 'ನಾನು ಹೇಳಿದ್ದು ಇದಲ್ಲ' ಎಂದರೂ ತೆಗೆದು ನೋಡಲು ಸಹಿ ಇದೆ. ನಮ್ಮ ಕಸುಬಿನಲ್ಲಿ ಅರ್ಧ ಜಗಳ ಹುಟ್ಟುವುದೇ ಇಲ್ಲಿ. ಇಷ್ಟು ಶಿಸ್ತಾಗಿ ಅದನ್ನು ಕಟ್ಟಿದವರಿಗೆ ಮನಸಾರೆ ಭೇಷ್ ಎನ್ನುತ್ತೇನೆ.

ಆದರೆ ಮುಂದಿಟ್ಟ ಕಾಫಿ ಮೇಕರ್‌ಗಳಲ್ಲಿ ಒಂದನ್ನೇ ಏಜೆಂಟ್ ಮೊದಲು ಯಾಕೆ ತೋರಿಸಿತು? ಅಣ್ಣನ ಮಗ ಮೂರೂ ಮ್ಯಾಂಡೇಟ್‌ಗಳನ್ನು ಬಿಚ್ಚಿ ಒಂದೊಂದೇ ಕಾಲಂ ಓದಿ ಹೇಳಿದ. ಬೆಲೆ ಇದೆ, ಅಂಗಡಿ ಹೆಸರಿದೆ, ಅವಧಿ ಇದೆ. "ಕಮಿಷನ್ ಕಾಲಂ ಎಲ್ಲೋ?" ಎಂದೆ. "ಈ ಮೊದಲ ಆವೃತ್ತಿಯಲ್ಲಿ ಅಂಥದ್ದಿಲ್ಲ ಅತ್ತೆ" ಎಂದ. ಏಜೆಂಟನ್ನು ನಡೆಸುವ ಕಂಪನಿಗೆ ತಯಾರಕರು ದುಡ್ಡು ಕೊಟ್ಟು ತಮ್ಮ ಕಾಫಿ ಮೇಕರನ್ನು ಮೇಲೆ ತರಿಸಿದ್ದರೂ ಮೂರೂ ಸಹಿಗಳು ಅಷ್ಟೇ ಪಕ್ಕಾ ಇರುತ್ತವೆ. ನಾನು ಒಪ್ಪಿದೆ ಎಂಬುದಕ್ಕೆ ಪುರಾವೆ ಸಿಗುತ್ತದೆ. ನನ್ನನ್ನು ಒಪ್ಪಿಸಿದ್ದು ಯಾರ ದುಡ್ಡು ಎಂಬುದಕ್ಕೆ ಸಿಗುವುದಿಲ್ಲ.

ಇದು ಸಣ್ಣ ಕೊರತೆಯಲ್ಲ. ನಮ್ಮ ಕ್ಷೇತ್ರ ಈ ದಾರಿಯನ್ನು ಹಂತಹಂತವಾಗಿ ನಡೆದು ಬಂದಿದೆ. 2009ರ ಆಗಸ್ಟ್‌ವರೆಗೆ ಹೂಡಿಕೆದಾರರ ದುಡ್ಡಿನಿಂದಲೇ ಎಂಟ್ರಿ ಲೋಡ್, ಅಂದರೆ ಪ್ರವೇಶ ಶುಲ್ಕ, ಮುರಿದುಕೊಂಡು ನಮಗೆ ಕೊಡುತ್ತಿದ್ದರು. ಷೇರು ಮತ್ತು ಫಂಡ್ ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ ಅದನ್ನು ನಿಲ್ಲಿಸಿತು. 2013ರಲ್ಲಿ ಮಧ್ಯವರ್ತಿಯೇ ಇಲ್ಲದ ಡೈರೆಕ್ಟ್ ಪ್ಲಾನ್ ಬಂತು. 2016ರಿಂದ ನಮಗೆ ಸಂದ ಕಮಿಷನ್ನು ರೂಪಾಯಿ ಲೆಕ್ಕದಲ್ಲಿ ಗಿರಾಕಿಯ ಅರ್ಧವಾರ್ಷಿಕ ಸ್ಟೇಟ್‌ಮೆಂಟಿನಲ್ಲೇ ಅಚ್ಚಾಗತೊಡಗಿತು. ಆ ಸ್ಟೇಟ್‌ಮೆಂಟ್ ಕೈಗೆ ಸಿಕ್ಕಾಗ ನಿವೃತ್ತ ಮೇಷ್ಟ್ರೊಬ್ಬರು ಆಫೀಸಿಗೇ ಬಂದು, "ಏನಮ್ಮಾ, ನಮ್ಮ ಕಡೆಯಿಂದ ನಿನಗೆ ಇಷ್ಟು ಹೋಗುತ್ತಾ?" ಎಂದು ಕೇಳಿದರು. "ಹೌದು ಸರ್, ಇಷ್ಟು ಹೋಗುತ್ತೆ, ಅದಕ್ಕೆ ನಾನು ಮಾಡೋ ಕೆಲಸ ಇದು" ಎಂದು ಕೂರಿಸಿ ವಿವರಿಸಿದೆ. ಕೆಲವರು ಡೈರೆಕ್ಟ್‌ಗೆ ಹೋದರು. ಮೇಷ್ಟ್ರು ಉಳಿದರು. ಈಗ ಅವರ ಮಗಳ ಖಾತೆಯನ್ನೂ ನಾನೇ ನೋಡುತ್ತೇನೆ.

ನಮ್ಮ ಅರ್ಜಿ ಫಾರಂ ನೋಡಿದವರಿಗೆ ಗೊತ್ತಿರುತ್ತದೆ, ಎಆರ್‌ಎನ್ ಎಂಬ ನೋಂದಣಿ ಸಂಖ್ಯೆ ಬರೆಯಲು ಒಂದು ಚೌಕ, ಇಯುಐಎನ್ ಎಂಬ ಗುರುತಿನ ಸಂಖ್ಯೆ ಬರೆಯಲು ಇನ್ನೊಂದು. ಮೊದಲನೆಯದು ಕಮಿಷನ್ ಯಾವ ಸಂಸ್ಥೆಗೆ ಸೇರುತ್ತದೆ ಎಂಬುದಕ್ಕೆ. ಎರಡನೆಯದು ಎದುರು ಕೂತು ಮಾರಿದ ವ್ಯಕ್ತಿ ಯಾರು ಎಂಬುದಕ್ಕೆ. ಆ ವ್ಯಕ್ತಿ ನಾಳೆ ಕೆಲಸ ಬಿಟ್ಟರೂ ಫಾರಂ ಮೇಲಿನ ಗುರುತು ಉಳಿಯುತ್ತದೆ. ಸಲಹೆ ಇಲ್ಲದೆ ಬರೀ ಆದೇಶ ಪಾಲಿಸಿದ್ದಾದರೆ ಇಯುಐಎನ್ ಖಾಲಿ ಬಿಟ್ಟು, ಹಾಗೆಂದು ಗಿರಾಕಿಯೇ ಸಹಿ ಮಾಡಬೇಕು. ಎಐ ಏಜೆಂಟಿಗೆ ಬೇಕಿರುವುದು ಇದೇ. ಕಾರ್ಟ್ ಮ್ಯಾಂಡೇಟ್‌ನಲ್ಲಿ ಬೆಲೆಯ ಪಕ್ಕ ಇನ್ನೆರಡು ಕಾಲಂ ಹಾಕಲಿ: ಈ ವಸ್ತುವನ್ನು ಸೂಚಿಸಿದ ಏಜೆಂಟ್ ಯಾವುದು, ಅದಕ್ಕೆ ಯಾರಿಂದ ಎಷ್ಟು ಸಂದಿದೆ. ಏನೂ ಸಂದಿಲ್ಲವಾದರೆ ಸೊನ್ನೆ ಬರೆದು ಸಹಿ ಹಾಕಲಿ.

ಜಾಹೀರಾತು ಎಂದು ಚೀಟಿ ಅಂಟಿಸಿದರೆ ಸಾಲದೇ ಎಂದು ಕೇಳಬಹುದು. ನಮ್ಮ ದೇಶದಲ್ಲಿ ಆ ನಿಯಮ ಇದೆ. ದುಡ್ಡು ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ತಂದಿತು. ಅದೇ ವರ್ಷ ನವೆಂಬರಿನಲ್ಲಿ ಹೊರಟ ಡಾರ್ಕ್ ಪ್ಯಾಟರ್ನ್, ಅಂದರೆ ಗಿರಾಕಿಯನ್ನು ಯಾಮಾರಿಸುವ ಆನ್‌ಲೈನ್ ತಂತ್ರಗಳ, ಪಟ್ಟಿಯಲ್ಲಿ ಮರೆಮಾಚಿದ ಜಾಹೀರಾತೂ ಸೇರಿದೆ. ಆದರೆ ಈ ಚೀಟಿಗಳೆಲ್ಲ ಮನುಷ್ಯರ ಕಣ್ಣಿಗಾಗಿ ಇರುವಂಥವು. ಅಂಗಡಿಯ ಏಜೆಂಟ್ ನನ್ನ ಏಜೆಂಟಿಗೆ ಹೇಳಿ, ನನ್ನದು ಅದನ್ನು ನಾಲ್ಕು ಸಾಲಿಗೆ ಇಳಿಸಿ ನನಗೆ ಹೇಳುವಷ್ಟರಲ್ಲಿ ಚೀಟಿ ಉದುರಿ ಹೋಗಿರಬಹುದು. ಸಹಿ ಮಾಡಿದ ದಾಖಲೆಯೊಳಗೇ ಇದ್ದರೆ ಅದು ಉದುರುವುದಿಲ್ಲ.

ಇನ್ನೊಂದು ಕಾರಣ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದೆ. ಕೊಲಂಬಿಯಾ ಮತ್ತು ಯೇಲ್ ವಿಶ್ವವಿದ್ಯಾಲಯಗಳ ಸಂಶೋಧಕರು 2025ರಲ್ಲಿ ಒಂದು ಅಣಕು ಆನ್‌ಲೈನ್ ಅಂಗಡಿ ಕಟ್ಟಿ ಎಐ ಏಜೆಂಟುಗಳನ್ನು ಕೊಳ್ಳಲು ಬಿಟ್ಟರು. 'ಪ್ರಾಯೋಜಿತ' ಎಂಬ ಗುರುತಿದ್ದ ವಸ್ತುಗಳಿಂದ ಅವು ದೂರ ಸರಿದವು. ಅಂಗಡಿಯೇ ಮೆಚ್ಚಿದ್ದು ಎಂಬ ಮುದ್ರೆ ಇದ್ದವನ್ನು ಹೆಚ್ಚಾಗಿ ಆರಿಸಿಕೊಂಡವು. ಅಂದರೆ ದುಡ್ಡು ಕೊಟ್ಟಿದ್ದೇನೆ ಎಂದು ಪ್ರಾಮಾಣಿಕವಾಗಿ ಹೇಳಿದ ಮಾರಾಟಗಾರ ಸೋಲುತ್ತಾನೆ, ಅದೇ ದುಡ್ಡಿನಲ್ಲಿ ಮೆಚ್ಚುಗೆಯ ಮುದ್ರೆ ಕೊಂಡುಕೊಂಡವನು ಗೆಲ್ಲುತ್ತಾನೆ. ಇಂಥ ಕಡೆ ಇಷ್ಟವಿದ್ದವರು ಹೇಳಲಿ ಎಂದು ಬಿಟ್ಟರೆ ಯಾರೂ ಹೇಳುವುದಿಲ್ಲ. ಸೆಬಿ ಕಡ್ಡಾಯ ಮಾಡದಿದ್ದರೆ ನಮ್ಮವರಲ್ಲೂ ಎಷ್ಟು ಜನ ತಾವಾಗಿ ಕಮಿಷನ್ ತೋರಿಸುತ್ತಿದ್ದರು? ಬೆರಳೆಣಿಕೆಯಷ್ಟು ಜನ, ಅಷ್ಟೇ.

ದುಡ್ಡು ಪಡೆದು ಸಲಹೆ ಕೊಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ನನ್ನ ಮನೆ ನಡೆಯುವುದು ಅದರಿಂದಲೇ. ಎಷ್ಟು, ಯಾರಿಂದ ಎಂಬುದು ಗಿರಾಕಿಗೆ ಕಾಣಬೇಕು. ಕಂಡ ಮೇಲೂ ಅವರು ನಂಬಿದರೆ ಆ ನಂಬಿಕೆ ನನ್ನ ದುಡಿಮೆ.

ಈಗಿನ ಸ್ಥಿತಿಯಲ್ಲಿ ಯಾರಿಗೆ ಇದು ಉಪಯೋಗ? ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಯವರು ಕಾರ್ಟ್ ಮ್ಯಾಂಡೇಟ್ ಭಾಗವನ್ನು ಓದಿಸಿಕೊಂಡು ತಿಳಿದಿರಲಿ. ನಾಳೆ ಅವರ ಬೆಲೆಗೆ ಸಹಿ ಕೇಳುವ ಗಿರಾಕಿ ಮನುಷ್ಯನಾಗಿರದೆ ಇರಬಹುದು. ಮೊದಲ ಆವೃತ್ತಿ ಸಿದ್ಧವಾದದ್ದು ಕಾರ್ಡುಗಳಿಗಾಗಿ. ಯುಪಿಐ ಆಗ ಮುಂದಿನ ಯೋಜನೆಯ ಪಟ್ಟಿಯಲ್ಲಿತ್ತು. ಇನ್ನು ಕೊಳ್ಳುವವರು, 'ನಾನಿಲ್ಲದಾಗಲೂ ಕೊಂಡುಬಿಡು' ಎಂಬ ಅಪ್ಪಣೆಯನ್ನು ಸದ್ಯಕ್ಕೆ ಕೊಡಬೇಡಿ. ಕಾರ್ಟ್ ನಿಮ್ಮ ಕಣ್ಣೆದುರು ಬಂದ ಮೇಲೆಯೇ ಒಪ್ಪಿ, ಅದಕ್ಕೆ ಮುಂಚೆ ಇದನ್ನೇ ಯಾಕೆ ತೋರಿಸಿದೆ ಎಂದು ಏಜೆಂಟನ್ನು ಕೇಳಿ. ಎಪಿ2 ಮುಕ್ತ ಯೋಜನೆಯಾದ್ದರಿಂದ ಯಾರು ಬೇಕಾದರೂ ಸಲಹೆ ಕಳಿಸಬಹುದು. ಆ ಎರಡು ಕಾಲಂಗಳ ಬಗ್ಗೆ ನಾನು ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ, ಅಣ್ಣನ ಮಗ ಇಂಗ್ಲಿಷಿಗೆ ಇಳಿಸುತ್ತಿದ್ದಾನೆ. ಅವು ಮುಂದಿನ ಆವೃತ್ತಿಗೆ ಸೇರಿದರೆ ಉಳಿದೆರಡು ಅಂಕವನ್ನೂ ಕೊಡುತ್ತೇನೆ.